ಗೆಂಡೆಹಳ್ಳಿಗೆ ಬಾರದ ಬಸ್ಸು

ಅರಸೀಕೆರೆ ಸ್ಟೇಷನ್ನಿನ ಹೊರಗೆ ನಮಗಾಗಿ ನಿಂತಿದ್ದ ಬಸ್ಸಿನ ಮುಂದಿನ ಸೀಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ ಹಾಸಿದ್ದರು. ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದು ಅಭ್ಯಾಸವಾದವಳು ನಾನು. ಆ ಪಂಚೆ ಕಂಡದ್ದೇ ನನಗೆ ಎಲ್ಲಿ ಕೂರಬೇಕು, ಹೇಗೆ ಕೂರಬೇಕು ಎನ್ನುವುದೇ ಮರೆತುಹೋಯಿತು. ಹಿಂದಿನ ಸೀಟಿನ ಕಡೆ ಹೊರಟೆ. "ಅಲ್ಲೆಲ್ಲಿಗಮ್ಮಾ? ಇದು ನಿಮಗೇ ಹಾಸಿರೋದು," ಎಂದು ಎದುರುಗೊಳ್ಳಲು ಬಂದವರು ಕರೆದು ಕೂರಿಸಿದರು.

ಆಗ ನಾನು ಬೆಂಗಳೂರಿನ ಒಂದು ವಾರಪತ್ರಿಕೆಯ ಮಹಿಳಾ ಪುಟಕ್ಕೆ ತಿಂಗಳಿಗೊಮ್ಮೆ ಪ್ರವಾಸದ ಲೇಖನ ಬರೆಯುತ್ತಿದ್ದೆ. ಅರವತ್ತರ ದಶಕ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಶಿಲ್ಪ, ಶಾಸನ, ರಾಜವಂಶ ಎಂದೆಲ್ಲ ಬರೆಯುವ ಪಂಡಿತರು ಬೇರೆ ಇದ್ದರು. ನನ್ನ ಪಾಲಿಗೆ ಬಂದದ್ದು ಬಿಸಿನೀರು, ಹಾಲು, ಬಚ್ಚಲು, ಮಕ್ಕಳಿಗೆ ನೆರಳು, ಮತ್ತು ಬಸ್ಸಿನ ವೇಳೆ. ಪಂಡಿತರು ಅದನ್ನು ನೋಡಿ ನಗುತ್ತಿದ್ದರು. ನಗಲಿ, ಮೂರು ಮಕ್ಕಳನ್ನು ಕಟ್ಟಿಕೊಂಡು ಹೊರಟ ಹೆಂಗಸಿಗೆ ವಿಷ್ಣುವರ್ಧನನಿಗಿಂತ ಬಿಸಿನೀರು ಮುಖ್ಯ.

ಈ ಕೆಲಸಕ್ಕೆ ನನ್ನದೇ ಒಂದು ಕ್ರಮವಿತ್ತು. ಹೋದ ಊರಿನಲ್ಲಿ ನಾನು ಯಾರೆಂದು ಹೇಳುತ್ತಿರಲಿಲ್ಲ. ಬಸ್ಸಿನ ವೇಳೆಯನ್ನು ಮೂವರ ಹತ್ತಿರ ಕೇಳುತ್ತಿದ್ದೆ: ಕಂಡಕ್ಟರು, ಸ್ಟ್ಯಾಂಡಿನ ಕಾಫಿ ಅಂಗಡಿಯವರು, ಮತ್ತು ಗಂಟು ಇಟ್ಟುಕೊಂಡು ಕಾಯುತ್ತ ಕೂತ ಯಾರಾದರೂ ಹೆಂಗಸು. ಮೂವರ ಮಾತೂ ಕೂಡಿದರೆ ಹಾಗೇ ಅಚ್ಚಿಗೆ. ಕೂಡದಿದ್ದರೆ ಮೂರನೆಯವಳ ಮಾತನ್ನೇ ನಂಬುತ್ತಿದ್ದೆ.

ಈ ಸಲ ಮಾತ್ರ ಆಹ್ವಾನವಿತ್ತು. "ಹೋಗಿ ಬನ್ನಿ. ಖರ್ಚೆಲ್ಲ ಅವರದು, ಬರೆಯೋದು ನಿಮ್ಮದು," ಎಂದರು ಸಂಪಾದಕರು.

"ಅವರ ಖರ್ಚಿನಲ್ಲಿ ಹೋದ ಮೇಲೆ ಬರೆಯೋದು ನನ್ನದು ಹೇಗಾಗುತ್ತೆ ಸಾರ್?"

"ಬಹಳ ಯೋಚನೆ ಮಾಡಬೇಡಿ. ಉಂಡ ಮನೆಯ ಊಟಕ್ಕೆ ಹೆಸರಿಡೋದು ಒಂದು ಬಿಟ್ಟು ಬೇರೆ ಏನು ಬೇಕಾದರೂ ಬರೀರಿ," ಎಂದು ನಕ್ಕರು. ನನಗೂ ಬೇಲೂರು ಹಳೇಬೀಡಿನ ಆಸೆ ಇತ್ತು. ಹೊರಟೆ.

ಕರೆಸಿದವರು ಅರಸೀಕೆರೆಯ ತೆಂಗಿನಕಾಯಿ ಮಂಡಿಯ ಯಜಮಾನರು. ಊರವರೆಲ್ಲ ಸಾವ್ಕಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಹಣೆಯ ತುಂಬ ವಿಭೂತಿ, ದಪ್ಪ ಖಾದಿ ಕೋಟು, ಕಾಲಲ್ಲಿ ಕಿರುಗುಟ್ಟುವ ಚಪ್ಪಲಿ. ಮಂಡಿಯ ಜೊತೆಗೆ ಎರಡು ಮೂರು ಬಸ್ಸು ಓಡಿಸುತ್ತಿದ್ದರು. ಬೇಲೂರಿನಲ್ಲಿ ಹೊಸದಾಗಿ ಲಾಡ್ಜು ಕಟ್ಟಿಸಿದ್ದರು. ರೈಲಿನಲ್ಲಿ ಬಂದು ಅರಸೀಕೆರೆಯಲ್ಲಿ ಇಳಿದ ಪ್ರವಾಸಿಗಳು ನೇರವಾಗಿ ಅವರ ಬಸ್ಸಿನಲ್ಲಿ ಹಳೇಬೀಡು ನೋಡಿ, ಅವರ ಲಾಡ್ಜಿನಲ್ಲಿ ಇಳಿದುಕೊಳ್ಳಬೇಕು, ಅದು ಅವರ ಲೆಕ್ಕಾಚಾರ. ಅದರಲ್ಲಿ ತಪ್ಪೇನೂ ಇರಲಿಲ್ಲ.

ನಾವು ಮೂವರು. ನಾನು, ಒಬ್ಬ ಛಾಯಾಗ್ರಾಹಕರು, ಮತ್ತು ಪತ್ರಿಕಾರಂಗದಲ್ಲೇ ತಲೆ ನೆರೆಸಿಕೊಂಡ ಒಬ್ಬ ಹಿರಿಯರು. ಹಿರಿಯರಿಗೆ ಇಂಥ ಪ್ರವಾಸಗಳು ನೀರು ಕುಡಿದಷ್ಟು ಸಲೀಸು. ಯಾವ ಮನೆಯಲ್ಲಿ ಎಷ್ಟು ಬೇಡ ಅನ್ನಬೇಕು, ಎಷ್ಟನೇ ಸಲಕ್ಕೆ ಒಪ್ಪಬೇಕು ಎಂಬುದೆಲ್ಲ ಗೊತ್ತಿತ್ತು.

ಮೂವರಿಗೆ ಇಡೀ ಬಸ್ಸು. ಬಸ್ಸಿನ ನೆತ್ತಿಯ ಮೇಲೆ ಹಳೇ ಬೋರ್ಡು ಕಾಣದಂತೆ ಹೊಸ ತಗಡಿನ ಬೋರ್ಡು ಕಟ್ಟಿ, ಅದರ ಮೇಲೆ 'ಪ್ರವಾಸಿ ವಿಶೇಷ' ಎಂದು ಬರೆಸಿದ್ದರು. ಸಾವ್ಕಾರರ ಮನೆಯಲ್ಲಿ ತಿಂಡಿ ಮುಗಿಸಿ ಹಳೇಬೀಡಿನ ಕಡೆ ಹೊರಟೆವು. ಜಾವಗಲ್ಲಿನ ಹತ್ತಿರ ರಸ್ತೆ ಬದಿಯಲ್ಲಿ ನಿಂತಿದ್ದ ಜನ ಬಸ್ಸು ಕಂಡು ಕೈ ಅಡ್ಡ ಹಿಡಿದರು. ಒಬ್ಬ ಹೆಂಗಸು ಬುಟ್ಟಿಯನ್ನು ತಲೆಗೇರಿಸಿಕೊಂಡು ಸಿದ್ಧಳಾದಳು. ಡ್ರೈವರು ಕೈ ಆಡಿಸಿ ಮುಂದಕ್ಕೆ ಹೊಡೆದ. ತಿರುಗಿ ನೋಡಿದೆ. ಧೂಳಿನಲ್ಲಿ ಆಕೆ ಬುಟ್ಟಿ ಇಳಿಸುವುದು ಕಂಡಿತು.

"ಹತ್ತಿಸಿಕೊಳ್ಳಬಹುದಿತ್ತಲ್ವಾ? ಜಾಗ ಇದೆಯಲ್ಲ," ಎಂದೆ.

"ನಿಮಗೆ ತೊಂದ್ರೆ ಆಯ್ತದೆ ಬುಡಿ ಅಮ್ಮಾ. ಕೋಳಿ, ಹಲಸಿನ ಹಣ್ಣು, ಎಲ್ಲಾ ತುಂಬ್ಕೊಂಡು ಬತ್ತಾರೆ," ಎಂದರು ಸಾವ್ಕಾರ್ರು. ನನ್ನ ಬಗ್ಗೆ ಅಷ್ಟು ಕಾಳಜಿ ವಹಿಸಿದವರಿಗೆ ಇನ್ನೇನು ಹೇಳುವುದು?

ಹಳೇಬೀಡಿನಲ್ಲಿ ನನ್ನ ಕೆಲಸ ಒಂದೂ ನಡೆಯಲಿಲ್ಲ. ದೇವಸ್ಥಾನದ ಮುಂದೆ ಹೂವು ಮಾರುವ ಹೆಂಗಸಿನ ಹತ್ತಿರ ಕೂತು, ಇಲ್ಲಿ ಮಕ್ಕಳಿಗೆ ಹಾಲು ಎಲ್ಲಿ ಸಿಗುತ್ತೆ ಎಂದು ಕೇಳಿದೆ. ಆಕೆ ಸಾವ್ಕಾರ್ರು ನನ್ನ ಕೊರಳಿಗೆ ಹಾಕಿಸಿದ್ದ ಹೂವಿನ ಹಾರ ನೋಡಿದಳು, ಹಿಂದೆ ನಿಂತ ಸಾವ್ಕಾರರನ್ನು ನೋಡಿದಳು. "ಸಾವ್ಕಾರ್ರೇ ಅವ್ರಲ್ಲ, ಅವ್ರನ್ನೇ ಕೇಳಿ," ಎಂದಳು. ಸಾವ್ಕಾರ್ರು ಕೂಡಲೇ ಒಬ್ಬನನ್ನು ಓಡಿಸಿ ಬಿಂದಿಗೆ ತುಂಬ ಹಾಲು ತರಿಸಿದರು. ನನಗೆ ಬೇಕಾಗಿದ್ದದ್ದು ಹಾಲು ಎಲ್ಲಿ ಸಿಗುತ್ತೆ ಎನ್ನುವ ಮಾತು. ಸಿಕ್ಕಿದ್ದು ಹಾಲು. ಅದನ್ನು ಬರೆದರೆ ಓದಿದವಳಿಗೆ ಏನು ಪ್ರಯೋಜನ?

ಸಂಜೆ ಬೇಲೂರಿನ ಲಾಡ್ಜಿನಲ್ಲೂ ಅದೇ ಕಥೆ. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಬೆಳಗಿನಿಂದ ಒಲೆ ಆರಿಸಿಲ್ಲ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿದರು. ದಿನಾಲೂ ಹೀಗೇನಾ ಎಂದು ಕೇಳಿದೆ. "ನೀವು ಬತ್ತೀರಾ ಅಂತ," ಎಂದು ಆತ ಹಲ್ಲು ಕಿರಿದ. ಸ್ನಾನವೇನೋ ಹಾಯಾಗಿತ್ತು. ಆದರೆ ನಾನು ನೋಡುತ್ತಿರುವುದು ಬೇಲೂರಲ್ಲ, ನನಗಾಗಿ ಸಿಂಗರಿಸಿ ನಿಲ್ಲಿಸಿದ ಇನ್ನೇನೋ ಎಂದು ಮನಸ್ಸು ಕಸಿವಿಸಿಯಾಯಿತು. ಹಿರಿಯರಿಗೆ ಹೇಳಿದೆ. "ಒಂದು ದಿನದ ಮಟ್ಟಿಗೆ ಸುಖವಾಗಿರೋದಕ್ಕೂ ನಿಮಗೆ ಬರಲ್ವೇನಮ್ಮ?" ಎಂದು ರೇಗಿಸಿದರು.

ಮರುದಿನ ಬೆಳಿಗ್ಗೆ ಎಂಟರ ಹೊತ್ತಿಗೆ, ದೇವಸ್ಥಾನಕ್ಕೆ ಹೋಗಲು ಎಲ್ಲರೂ ತಯಾರಾಗುತ್ತಿದ್ದರು. ನಾನು ಮೊದಲೇ ಕೆಳಗಿಳಿದು ಬಂದೆ. ಲಾಡ್ಜಿನ ಮುಂದೆ ನಮ್ಮ ಬಸ್ಸು ನಿಂತಿತ್ತು. ಬಾಗಿಲಲ್ಲಿ ಒಬ್ಬ ಹುಡುಗಿ ಡ್ರೈವರಿನ ಜೊತೆ ವಾದ ಮಾಡುತ್ತಿದ್ದಳು. ಇಪ್ಪತ್ತರ ಮೇಲಿನ ವಯಸ್ಸು. ನೀಲಿ ಅಂಚಿನ ಸೀರೆಗೆ ಮೊಣಕಾಲಿನವರೆಗೆ ಕೆಂಪು ಧೂಳು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಂದು ಕೊಡೆ.

"ನಮ್ಮೂರ ಬಸ್ಸು ಕಣಣ್ಣ ಇದು. ನೀನೇ ದಿನಾ ಬತ್ತೀಯಲ್ಲ. ಇಲ್ಲೇ ನಿಲ್ಲಿಸ್ಕೊಂಡು ಬರಲ್ಲ ಅಂದ್ರೆ?"

"ಏನ್ ಮಾಡ್ಲವ್ವಾ, ಇವತ್ತು ಲೈನ್ ಇಲ್ಲ. ಸ್ಪೆಷಲ್ಲು. ಸಾವ್ಕಾರ್ರ ಅಪ್ಪಣೆ," ಎಂದ ಡ್ರೈವರು. ಅವನಿಗೂ ಅವಳ ಮುಖ ನೋಡುವುದು ಕಷ್ಟವಾಗಿತ್ತು.

ನಾನು ಹತ್ತಿರ ಹೋಗಿ ಕೇಳಿದೆ. ಅವಳು ಗೆಂಡೆಹಳ್ಳಿಯವಳು. ಈ ಬಸ್ಸು ದಿನಾ ಸಂಜೆ ಗೆಂಡೆಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ಹಾಲ್ಟ್ ಮಾಡಿ, ಬೆಳಕು ಹರಿಯುವ ಹೊತ್ತಿಗೆ ಹೊರಟು ಬೇಲೂರಿನ ಮೇಲೆ ಹಾಸನಕ್ಕೆ ಹೋಗುತ್ತಿತ್ತು. ನಿನ್ನೆ ಸಂಜೆ ಬರಲಿಲ್ಲ. ಕೆಟ್ಟು ನಿಂತಿರಬೇಕು ಎಂದುಕೊಂಡು ಅವಳು ಬೆಳಗಿನ ಜಾವವೇ ಹೊರಟು, ಅರ್ಧ ದಾರಿ ಯಾರದೋ ಗಾಡಿಯಲ್ಲಿ, ಉಳಿದ ದಾರಿ ನಡೆದು ಬಂದಿದ್ದಳು. ಅಷ್ಟರಲ್ಲಿ ಹಾಸನದ ಸರ್ಕಾರಿ ಬಸ್ಸು ಹೋಗಿಯಾಗಿತ್ತು. ಮುಂದಿನದು ಮಧ್ಯಾಹ್ನ.

"ಹನ್ನೊಂದು ಗಂಟೆಗೆ ಹಾಸನದಾಗೆ ಇಂಟರ್‌ವ್ಯೂ ಐತೆ ಅಕ್ಕಾವ್ರೆ. ಟೀಚರ್ ಟ್ರೈನಿಂಗಿಗೆ. ಮುಂದಿನ ವರ್ಷಕ್ಕೆ ನನಗೆ ವಯಸ್ಸು ಮೀರ್ತದೆ. ಇದೇ ಕೊನೇದು."

ನಿನ್ನೆಯಿಡೀ ನಾನು ಪಂಚೆ ಹಾಸಿದ ಸೀಟಿನಲ್ಲಿ ಕೂತು ಓಡಾಡಿದ್ದು ಇವಳ ಬಸ್ಸಿನಲ್ಲಿ. "ಇಲ್ಲೇ ಇರಮ್ಮ, ನಾನು ಮಾತಾಡ್ತೀನಿ. ಹನ್ನೊಂದಕ್ಕೆ ಬೇಕಾದಷ್ಟು ಹೊತ್ತಿದೆ," ಎಂದೆ. ಆ ಮಾತು ನಿಜವಾಗಿತ್ತು. ಆಗಲೇ ಹೊರಟಿದ್ದರೆ ಆರಾಮವಾಗಿ ತಲುಪುತ್ತಿದ್ದೆವು.

ಒಳಗೆ ಹೋದೆ. ಸಾವ್ಕಾರ್ರು ಆಗಲೇ ಹಿಂಬಾಗಿಲಿನಿಂದ ದೇವಸ್ಥಾನಕ್ಕೆ ಹೋಗಿದ್ದರು. ನಮ್ಮ ಹೆಸರಿನಲ್ಲಿ ಅರ್ಚನೆ ಇಟ್ಟಿದ್ದರಂತೆ. ಮೆಟ್ಟಿಲಲ್ಲಿ ಸಿಕ್ಕ ಹಿರಿಯರಿಗೆ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ. ಕೇಳಿ ನಿಟ್ಟುಸಿರು ಬಿಟ್ಟರು. "ಪಾಪ. ಆದರೆ ನೋಡಮ್ಮ, ಅತಿಥಿಯಾಗಿ ಬಂದವರು ಮನೆಯವರ ಗಾಡಿಗೆ ದಾರಿ ತೋರಿಸೋದು ಸಭ್ಯತೆ ಅಲ್ಲ. ನೀವು ಕೇಳಿದರೆ ಅವರು ಇಲ್ಲ ಅನ್ನೋ ಹಾಗಿಲ್ಲ. ಇಲ್ಲ ಅನ್ನೋಕೆ ಆಗದವರನ್ನ ಕೇಳಬಾರದು. ಸಮಯ ನೋಡಿ ಸೂಚ್ಯವಾಗಿ ಹೇಳೋಣ," ಎಂದರು.

ಮಾತು ನನಗೆ ಸರಿ ಎನಿಸಿತು. ಅದೇ ನನ್ನ ಕರ್ಮ. ಬೆಳೆದದ್ದೇ ಹಾಗೆ: ಇನ್ನೊಬ್ಬರ ಮನೆಗೆ ಹೋದಾಗ ನೀರು ಬೇಕಾದರೂ ಕೇಳಬೇಡ, ಅವರೇ ಕೊಟ್ಟರೆ ಕುಡಿ ಎಂದು ನಮ್ಮಮ್ಮ ಕಲಿಸಿದ್ದರು. ಆ ಸಂಕೋಚವನ್ನು ನಾನು ಒಳ್ಳೆಯ ಗುಣ ಎಂದುಕೊಂಡಿದ್ದೆ.

ದೇವಸ್ಥಾನದಲ್ಲಿ ಸಮಯ ನೋಡಿದೆ. ಸಾವ್ಕಾರ್ರು ಕೈ ಕಟ್ಟಿಕೊಂಡು ಅರ್ಚಕರ ಪಕ್ಕ ನಿಂತಿದ್ದರು. ಶೈವರಾದರೂ ನಮಗೋಸ್ಕರ ಕೇಶವನ ಮುಂದೆ ಭಕ್ತಿಯಿಂದ ನಿಂತಿದ್ದರು. ನಮ್ಮ ಗೋತ್ರ, ನಕ್ಷತ್ರ ಕೇಳಿ ಕೇಳಿ ಅರ್ಚಕರು ಸಂಕಲ್ಪ ಮಾಡಿದರು. ನನ್ನ ಹೆಸರು ಬಂದಾಗ ನಾಚಿಕೆಯಿಂದ ತಲೆ ತಗ್ಗಿಸಿದೆ. ಆ ದೇವರಿಗೆ ನನ್ನ ವಿಷಯ ಹೇಳುವುದಾದರೆ ಹೊರಗಿನ ಹುಡುಗಿಯ ವಿಷಯವನ್ನೂ ಹೇಳಬೇಕಾಗಿತ್ತು. ಮಂಗಳಾರತಿ, ತೀರ್ಥ, ಪ್ರಸಾದ. ನಂತರ ಛಾಯಾಗ್ರಾಹಕರು ಮದನಿಕೆಗಳ ಮೇಲೆ ಬಿಸಿಲು ಬೀಳುವುದನ್ನು ಕಾದರು. ಮೋಡವೊಂದು ಅಡ್ಡ ಬಂತು, ಅದು ಸರಿಯಲಿ ಎಂದು ಎಲ್ಲರೂ ಕತ್ತೆತ್ತಿ ನಿಂತೆವು. ಸಾವ್ಕಾರ್ರು ನನ್ನ ಕಡೆ ತಿರುಗಿ, "ಏನಾದ್ರೂ ಬೇಕಿತ್ತೇನಮ್ಮಾ?" ಎಂದು ತಾವಾಗಿಯೇ ಕೇಳಿದರು.

"ಏನಿಲ್ಲ," ಎಂದೆ.

ಯಾಕೆ ಹಾಗೆಂದೆನೋ. ನಾಲಿಗೆಯ ಮೇಲೇ ಇದ್ದ ಮಾತು. ಏನು ಬೇಕೆಂದು ಯಾರಾದರೂ ಕೇಳಿದರೆ ಏನಿಲ್ಲ ಎನ್ನುವುದು ಅಷ್ಟು ರೂಢಿಯಾಗಿ ಹೋಗಿತ್ತು. ಹಿರಿಯರು ಮೆಚ್ಚುಗೆಯಿಂದ ನನ್ನ ಕಡೆ ನೋಡಿದರು, ನನಗೆ ಮೈ ಉರಿಯಿತು.

ಲಾಡ್ಜಿಗೆ ವಾಪಸು ಬಂದಾಗ ಹುಡುಗಿ ಬಸ್ಸಿನ ನೆರಳಿನಲ್ಲಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ಕೈಯಲ್ಲೇ 'ಇನ್ನೊಂದು ಸ್ವಲ್ಪ' ಎಂದು ಸನ್ನೆ ಮಾಡಿದೆ. ಅವಳು ಮತ್ತೆ ಕೂತಳು. ನಾನು ಮಾತಾಡುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ನಾನು ಹಾಗೆ ಹೇಳಿರದಿದ್ದರೆ ಯಾವುದಾದರೂ ಲಾರಿಗೆ ಕೈ ಅಡ್ಡ ಹಿಡಿದಾದರೂ ಹೋಗುತ್ತಿದ್ದಳೋ ಏನೋ.

ಒಳಗೆ ಎಲೆ ಹಾಕಿಯಾಗಿತ್ತು. ಹತ್ತು ಗಂಟೆಗೇ ಊಟ ಮುಗಿಸಿ ಮತ್ತೆ ಹಳೇಬೀಡಿಗೆ ಹೋಗಿ, ಅಲ್ಲಿಂದ ಅರಸೀಕೆರೆಗೆ ರೈಲಿನ ಹೊತ್ತಿಗೆ ತಲುಪುವುದು ಏರ್ಪಾಟು. ಹಿರಿಯರಿಗೆ ಮಡಿಯೆಂದು ದೇವಸ್ಥಾನದ ಕಡೆಯ ಅಡುಗೆಯವರನ್ನು ಕರೆಸಿದ್ದರು. ಸಾವ್ಕಾರ್ರು ತಾವು ಕೂರಲಿಲ್ಲ. ಅತಿಥಿಗಳ ಊಟ ಮುಗಿಯುವವರೆಗೆ ಬಾಯಿಗೆ ನೀರೂ ಹಾಕುವುದಿಲ್ಲ ಎಂದು ತುಪ್ಪದ ಗಿಂಡಿ ಹಿಡಿದು ನಿಂತರು. ಚಿತ್ರಾನ್ನ, ಹುಳಿ, ಆಂಬೊಡೆ, ಹೋಳಿಗೆ. ಒಂದೊಂದಕ್ಕೂ ಇನ್ನೊಂಚೂರು, ಇನ್ನೊಂಚೂರು ಎಂಬ ಬಲವಂತ.

ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಊಟ ಮುಗಿಯುವ ತನಕ ಏಳಬಾರದು. ನಡುವೆ ಒಬ್ಬರು ಎದ್ದರೆ ಬಡಿಸಿದವರಿಗೆ ಅದಕ್ಕಿಂತ ಅವಮಾನವಿಲ್ಲ. ಇದು ಯಾರೂ ಹೇಳಿಕೊಡದೇ ಗೊತ್ತಿರುವ ವಿಷಯ. ಹೋಳಿಗೆಯನ್ನು ಮುರಿದೆ. ಕಿಟಕಿಯಿಂದ ಬಸ್ಸಿನ ಹಿಂಭಾಗ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಕೊಡೆಯ ತುದಿ. ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಹಿರಿಯರು ಇನ್ನೂ ಹುಳಿಯನ್ನದಲ್ಲಿದ್ದರು.

ಎದ್ದುಬಿಟ್ಟೆ.

ಸಾವ್ಕಾರರ ಕೈಯಲ್ಲಿದ್ದ ಗಿಂಡಿ ಹಾಗೇ ನಿಂತಿತು. ಅವರ ಮುಖದ ಬಣ್ಣ ಹೋಯಿತು. "ಯಾಕಮ್ಮಾ? ಕೂದಲು ಗೀದಲು ಬಂತಾ? ಏನ್ ತಪ್ಪಾಯ್ತು?" ಎಂದರು. ಅಡುಗೆಯವರು ಒಳಗಿನಿಂದ ಓಡಿ ಬಂದರು.

ಎಂಜಲು ಕೈಯಲ್ಲೇ ನಿಂತು ಎಲ್ಲ ಹೇಳಿದೆ. ಹುಡುಗಿಯ ವಿಷಯ, ಗೆಂಡೆಹಳ್ಳಿಯ ಹಾಲ್ಟು, ಹನ್ನೊಂದು ಗಂಟೆ. ಹಿರಿಯರು ಎಲೆಯಿಂದ ಕಣ್ಣೆತ್ತಲಿಲ್ಲ.

ಸಾವ್ಕಾರ್ರು ಗಿಂಡಿಯನ್ನು ನೆಲದ ಮೇಲಿಟ್ಟರು. "ಎಂಟು ಗಂಟೆಯಿಂದ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ದೇವಸ್ಥಾನದಾಗೆ ಕೇಳಿದ್ನಲ್ಲಮ್ಮಾ ನಾನೇ. ಏನಾದ್ರೂ ಬೇಕಾ ಅಂತ."

ಅವರು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದರು. "ಗಾಡಿ ತೆಗೀಲಾ!" ಎಂದು ಡ್ರೈವರಿಗೆ ಕೂಗಿದರು. ನಾನು ಕೈ ತೊಳೆದು ಹತ್ತುವಷ್ಟರಲ್ಲಿ ಅವರೂ ಹುಡುಗಿಯೂ ಒಳಗೆ ಕೂತಿದ್ದರು, ಬಸ್ಸು ಅಲುಗಾಡತೊಡಗಿತ್ತು. ಹಿರಿಯರು ಮತ್ತು ಛಾಯಾಗ್ರಾಹಕರು ಬೇಲೂರಿನಲ್ಲೇ ಉಳಿದರು.

ಡ್ರೈವರು ಮೈಮೇಲೆ ಬಂದವನ ಹಾಗೆ ಓಡಿಸಿದ. ಆದರೆ ಬಸ್ಸು ಮುದಿಯದು. ದಾರಿಯಲ್ಲಿ ಒಂದು ಏರಿನಲ್ಲಿ ರೇಡಿಯೇಟರು ಕುದಿದು ನಿಂತಿತು. ಕೆರೆಗೆ ಇಳಿದು ನೀರು ತಂದು ಹಾಕಬೇಕಾಯಿತು. ಹಿಂದಿನ ದಿನ ಇಲ್ಲದ ಓಡಾಟ ಮಾಡಿ ಬಸ್ಸು ಬಳಲಿತ್ತು ಎಂದ ಡ್ರೈವರು. ಹುಡುಗಿ ಬಾಗಿಲ ಹತ್ತಿರದ ಸೀಟಿನ ತುದಿಯಲ್ಲಿ ಕೂತು ಚೀಲವನ್ನು ಎದೆಗೊತ್ತಿಕೊಂಡಿದ್ದಳು. ನಾನು ಏನೋ ಧೈರ್ಯ ಹೇಳಲು ಹೋದೆ. "ಇರ್ಲಿ ಬುಡಿ ಅಕ್ಕಾವ್ರೆ," ಎಂದಳು.

ಹಾಸನದ ಕಚೇರಿ ತಲುಪಿದಾಗ ಹನ್ನೊಂದು ದಾಟಿ ಬಹಳ ಹೊತ್ತಾಗಿತ್ತು. ಹೆಸರು ಕೂಗಿಯಾಗಿತ್ತು. ಜವಾನ ಅವಳನ್ನು ವರಾಂಡದಲ್ಲೇ ತಡೆದ. ಸಾವ್ಕಾರ್ರು ನನ್ನ ಕಿವಿಯಲ್ಲಿ, "ನೀವು ಪತ್ರಿಕೆಯೋರು ಅಂತ ಹೇಳಿ, ಬಾಗಿಲು ತೆಗೀತಾರೆ," ಎಂದರು. ಊರೂರಿಗೆ ಹೋದರೂ ಯಾರೆಂದು ಹೇಳದೆ ಇದ್ದವಳು ಅಲ್ಲಿ ಮೊದಲ ಸಲ ಹೇಳಿದೆ. ಬಾಗಿಲು ತೆರೆಯಿತು. ನನಗೊಂದು ಕುರ್ಚಿ ಬಂತು, ಕಾಫಿ ಬಂತು. ಹುಡುಗಿ ಹೊಸಿಲಿನ ಆಚೆ ನಿಂತಿದ್ದಳು. ನಾನು ಕುರ್ಚಿಯಲ್ಲಿ ಕೂತು, ಕಾಫಿಯ ಲೋಟ ಮುಂದಿಟ್ಟುಕೊಂಡು, ಅವಳಿಗಾಗಿ ಬೇಡಿಕೊಂಡೆ.

ಅಧಿಕಾರಿಗಳು ವಯಸ್ಸಾದವರು, ಸಮಾಧಾನದಿಂದ ಕೇಳಿಸಿಕೊಂಡರು. "ಅಮ್ಮ, ಈಕೆ ಬರಲಿಲ್ಲ ಅಂತ ಕಾದಿದ್ದ ಇನ್ನೊಬ್ಬ ಹುಡುಗೀನ ತಗೊಂಡಾಯ್ತು. ಆ ಹುಡುಗಿ ಆ ಕೋಣೇಲಿ ಕೂತು ಅಳ್ತಾ ಇದಾಳೆ, ಸಂತೋಷಕ್ಕೆ. ಅವಳನ್ನ ಎದ್ದು ಹೋಗು ಅಂತ ನೀವೇ ಹೇಳ್ತೀರಾ?"

ನಾನು ಎದ್ದು ಬಂದೆ. ಕಾಫಿ ಹಾಗೇ ಇತ್ತು. ಒಂದೇ ದಿನದಲ್ಲಿ ಎರಡು ಕಡೆ ಅರ್ಧಕ್ಕೆ ಎದ್ದೆ. ಎರಡರಿಂದಲೂ ಯಾರಿಗೂ ಏನೂ ಸಿಗಲಿಲ್ಲ.

ಸಂಜೆ, ಆ ಬಸ್ಸಿನ ಮಾಮೂಲಿ ವೇಳೆಗೆ ವಾಪಸು ಹೊರಡುವಾಗ ಸಾವ್ಕಾರ್ರು ಬಸ್ಸಿನ ನೆತ್ತಿಯ ಹೊಸ ಬೋರ್ಡನ್ನು ತಾವೇ ನಿಂತು ಬಿಚ್ಚಿಸಿದರು. ಒಳಗಿನಿಂದ ಹಳೆಯದು ಹೊರಬಂತು: ಗೆಂಡೆಹಳ್ಳಿ, ಬೇಲೂರು, ಹಾಸನ. ಸ್ಟ್ಯಾಂಡಿನಲ್ಲಿ ಕಾದಿದ್ದವರೆಲ್ಲ ಹತ್ತಿದರು. ಸಾವ್ಕಾರ್ರು ಹುಡುಗಿಯನ್ನು ಮುಂದಿನ ಸೀಟಿಗೆ ಕರೆದರು. ಅವಳು ಬಂದು ಪಂಚೆಯನ್ನು ನೋಡಿದಳು, ತನ್ನ ಸೀರೆಯನ್ನು ನೋಡಿಕೊಂಡಳು. ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, "ಕೊಳೆ ಆಯ್ತದೆ, ಇಟ್ಕೊಳ್ಳಿ," ಎಂದು ನನ್ನ ಕೈಗೆ ಕೊಟ್ಟು ಬರಿಯ ಸೀಟಿನ ಮೇಲೆ ಕೂತಳು. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲಿತ್ತು.

ಸಾವ್ಕಾರ್ರು ನನ್ನ ಪಕ್ಕದಲ್ಲಿ ಬಂದು ಕೂತರು. ಆಮೇಲೆ, "ಎರಡು ದಿನ ಲೈನ್ ತಪ್ಪಿದ್ರೆ ಏನಾಯ್ತದೆ ಅಂದ್ಕೊಂಡೆ. ಇದು ನನ್ನ ತಪ್ಪು," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಆದ್ರೆ ನಿಮಗೆ ನಾನು ಅಷ್ಟು ಕೆಟ್ಟೋನಂಗೆ ಕಂಡ್ನಾ ಅಮ್ಮಾ, ಕೇಳಕ್ಕೂ ಆಗದಷ್ಟು?"

"ಅಷ್ಟು ಒಳ್ಳೆಯವರ ಹಾಗೆ ಕಂಡಿರಿ," ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ನಾನು ಏನು ಬರೆಯುತ್ತೇನೆ ಎಂದು ಕೇಳಿದರು. ಇದ್ದದ್ದನ್ನು ಎಂದೆ. ತಲೆಯಾಡಿಸಿದರು. "ಬರೀರಿ. ಊಟ ಚೆನ್ನಾಗಿತ್ತು ಅಂತಾನೂ ಬರೀರಿ, ಪೂರ್ತಿ ಉಣ್ಣಲಿಲ್ಲ ನೀವು," ಎಂದರು.

ಆ ಲೇಖನದ ವಿಷಯ ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಲಾಡ್ಜಿನ ಬಿಸಿನೀರಿನ ಬಗ್ಗೆ, ನಾವು ಹೋದ ದಿನ ಇತ್ತು, ಉಳಿದ ದಿನದ್ದು ನನಗೆ ಗೊತ್ತಿಲ್ಲ ಎಂದು ಬರೆದೆ. ಎಲ್ಲಕ್ಕಿಂತ ಮೇಲೆ ಎರಡು ವಾಕ್ಯ ಹಾಕಿದೆ: 'ಈ ಪ್ರವಾಸದ ಖರ್ಚು ಲಾಡ್ಜಿನ ಯಜಮಾನರದು. ನಾವು ಓಡಾಡಿದ ಬಸ್ಸು ಗೆಂಡೆಹಳ್ಳಿಯವರದು.' ಸಂಪಾದಕರು ಮೊದಲನೆಯದನ್ನು ಗೊಣಗಿಕೊಂಡು ಉಳಿಸಿದರು. ಎರಡನೆಯದು ಯಾರಿಗೂ ಅರ್ಥವಾಗುವುದಿಲ್ಲ ಎಂದು ಹೊಡೆದು ಹಾಕಿದರು. ಜಗಳವಾಡಿದೆ, ಪ್ರಯೋಜನವಾಗಲಿಲ್ಲ. ಅಲ್ಲಿಂದಾಚೆ ಬೇರೆಯವರ ಖರ್ಚಿನಲ್ಲಿ ನಾನು ಹೋಗಲಿಲ್ಲ. ಅದನ್ನು ದೊಡ್ಡತನವೆಂದು ಹೇಳಿಕೊಳ್ಳುತ್ತಿಲ್ಲ. ಹೋಗಲು ಮುಖವಿರಲಿಲ್ಲ, ಅಷ್ಟೇ.

ಬೇಲೂರಿನಲ್ಲಿ ಇಳಿಯದೆ ಹುಡುಗಿಯ ಜೊತೆ ಗೆಂಡೆಹಳ್ಳಿಯವರೆಗೂ ಹೋದೆವು. ತಲುಪಿದಾಗ ದೀಪ ಹಚ್ಚುವ ಹೊತ್ತು. ಕೆಳಗಿಳಿದವಳು ತಿರುಗಿ ಡ್ರೈವರನ್ನು ಕೇಳಿದಳು, "ನಾಳೆ ಬೆಳಿಗ್ಗೆ ಬಸ್ಸು ಐತಾ ಅಣ್ಣ? ಊರಾಗೆ ಕೇಳ್ತಾರೆ."

ಡ್ರೈವರು ಸಾವ್ಕಾರರ ಮುಖ ನೋಡಿದ. ಸಾವ್ಕಾರ್ರು ನನ್ನ ಮುಖ ನೋಡಿದರು. ನಮ್ಮನ್ನು ಅರಸೀಕೆರೆಯ ರೈಲಿಗೆ ಮುಟ್ಟಿಸಬೇಕಾದ ಬಸ್ಸು ಅದೇ. ಬೇಲೂರಿನಲ್ಲಿ ಇಬ್ಬರು ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದರು.

"ಐತೆ," ಎಂದೆ. "ರಾತ್ರಿ ಇಲ್ಲೇ ಹಾಲ್ಟು." ಯಾರನ್ನೂ ಕೇಳದೆ ನಾನು ಹೇಳಿದ ಬಸ್ಸಿನ ವೇಳೆ ಅದೊಂದೇ.

ಸಾವ್ಕಾರ್ರು ಎರಡನೇ ಮಾತಾಡದೆ ಡ್ರೈವರಿಗೆ ಕೈಸನ್ನೆ ಮಾಡಿದರು. ಆ ಊರಿನಲ್ಲಿ ಅವರಿಗೆ ಪರಿಚಯದ ವ್ಯಾಪಾರಿಯೊಬ್ಬರಿದ್ದರು, ಅಲ್ಲಿಗೆ ಹೊರಟರು. ನಾನು ಬಸ್ಸಿನಲ್ಲೇ ಮಲಗುತ್ತೇನೆ ಎಂದೆ. ಹುಡುಗಿ ಒಪ್ಪಲಿಲ್ಲ. "ಹೆಣ್ಣೆಂಗಸು ಬಸ್ಸಾಗೆ ಮಲಗೋದಾ? ನಮ್ಮನೇಗೆ ಬನ್ನಿ," ಎಂದು ನನ್ನ ಕೈಚೀಲ ಕಿತ್ತುಕೊಂಡಳು. ಬೇಡ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಹೋಗುವುದಕ್ಕೂ ಕಾಲು ಬರುತ್ತಿರಲಿಲ್ಲ.

ತಗ್ಗಿನ ಮನೆ. ತಾಯಿ ಒಲೆಯ ಮುಂದಿದ್ದರು. ಮಗಳು ಒಳಗೆ ಹೋಗಿ ಮೆಲ್ಲಗೆ ಏನೋ ಹೇಳಿದಳು. ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ತಾಯಿ ಹೊರಗೆ ಬಂದು, ಕಣ್ಣು ಸೆರಗಿನಲ್ಲಿ ಒರೆಸಿಕೊಂಡು, ನನಗೆ ಕಾಲಿಗೆ ನೀರು ಕೊಟ್ಟರು. ಜೊತೆಗೆ ಬಂದವರು ಎಂದಷ್ಟೇ ಮಗಳು ಹೇಳಿದ್ದಳು.

ಮೂವರೂ ಊಟಕ್ಕೆ ಕೂತೆವು. ಮುದ್ದೆ, ಹುರುಳಿಕಾಳಿನ ಸಾರು. ತಾಯಿ ಮೊದಲು ನನಗೆ ಬಡಿಸಿದರು.

"ಯಾರೋ ಪೇಪರಿನೋರು ಬಂದಿದ್ರಂತೆ ಕಣಮ್ಮಾ. ಅವರು ಮೆರೆಯಕ್ಕೆ ನಮ್ಮ ಬಸ್ಸು ಕೊಟ್ಟವ್ರೆ. ಅವರ ಕಣ್ಣಿಗೆ ನಾವು ಜನ ಅಲ್ವಾ? ಅವರ ಮಕ್ಕಳಿಗೆ ಹಿಂಗಾಗಿದ್ರೆ ಗೊತ್ತಾಗೋದು," ಎಂದರು.

ಹುಡುಗಿ ತಟ್ಟೆಯ ಮೇಲಿಂದಲೇ ನನ್ನ ಕಡೆ ನೋಡಿ, ಬೇಡ ಎಂದು ಸಣ್ಣಗೆ ತಲೆಯಾಡಿಸಿದಳು. ಬೆಳಗಿನಿಂದ ಅವಳು ನನ್ನನ್ನು ಕೇಳಿಕೊಂಡ ಎರಡನೆಯ ಉಪಕಾರ ಅದು. ಅದನ್ನೂ ನಡೆಸಿಕೊಡಲು ನನ್ನಿಂದ ಆಗಲಿಲ್ಲ.

"ಆ ಪೇಪರಿನವಳು ನಾನೇ ಅಮ್ಮ," ಎಂದೆ.

ತಾಯಿಯ ಕೈಯಲ್ಲಿ ಸಾರಿನ ಸೌಟು ಇತ್ತು. ಅದು ಗಾಳಿಯಲ್ಲೇ ನಿಂತಿತು. ನನ್ನ ಮುಖವನ್ನು ದಿಟ್ಟಿಸಿ ನೋಡಿದರು, ಮಗಳನ್ನು ನೋಡಿದರು. ನಾನು ತಟ್ಟೆಯ ಮುಂದಿನಿಂದ ಏಳಲು ಹೊರಟೆ.

"ಕೂತ್ಕೊಳ್ಳಿ," ಎಂದರು. "ಉಣ್ಣೋವಾಗ ಏಳಬ್ಯಾಡಿ. ಮೊದ್ಲು ಊಟ ಮುಗಿಸಿ."

ಸೌಟು ತುಂಬ ಸಾರು ನನ್ನ ತಟ್ಟೆಗೆ ಹಾಕಿದರು. ಸಾಲದೆಂದು ಇನ್ನೊಂದು ಸಲ ಹಾಕಿದರು. ನಾನು ಉಂಡೆ. ಒಂದು ಚೂರೂ ಬಿಡದೆ, ಅವರಿಬ್ಬರ ಊಟ ಮುಗಿಯುವವರೆಗೂ ಕೂತಿದ್ದೆ. ಆಮೇಲೆ ಚೊಂಬಿನಲ್ಲಿ ಕೈ ತೊಳೆಯಲು ನೀರು ಕೊಟ್ಟರು, ಚಾಪೆ ಹಾಸಿದರು, ಕಂಬಳಿ ತಂದಿಟ್ಟರು. ಬೆಳಿಗ್ಗೆ ನಾನು ಬಸ್ಸು ಹತ್ತುವವರೆಗೆ ಆ ತಾಯಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.